ನಿಂಬೆ ಎಣ್ಣೆಯಲ್ಲಿ ನಿಂಬೆರಸ ಎಷ್ಟಿದೆ?

[ದೃಶ್ಯ: ಮೇಜಿನ ಮೇಲೆ ಕಂದು ಬಣ್ಣದ ಪುಟ್ಟ ಸೀಸೆ, ಪಕ್ಕದಲ್ಲಿ ಒಂದು ನಿಂಬೆಹಣ್ಣು, ಊದಿದ ಬಲೂನು]

ನಮಸ್ಕಾರ. ನೀವು ಕಳುಹಿಸುವ ಪ್ರಶ್ನೆಗಳಲ್ಲಿ ಒಂದು ಮತ್ತೆ ಮತ್ತೆ ತಲೆ ಎತ್ತುತ್ತಿದೆ: "ನಿಂಬೆಯ ಸಾರಭೂತ ತೈಲವನ್ನು (ಎಸೆನ್ಷಿಯಲ್ ಆಯಿಲ್) ನೀರಿಗೆ ನಾಲ್ಕು ಹನಿ ಹಾಕಿ ಕುಡಿದರೆ ವಿಟಮಿನ್ ಸಿ ಸಿಗುತ್ತದೆಯೇ?"

ಸಿಗುವುದಿಲ್ಲ. ವಿಟಮಿನ್ ಸಿ ನೀರಿನಲ್ಲಿ ಕರಗುವ ವಸ್ತು, ಎಣ್ಣೆಯೊಳಗೆ ಅದಕ್ಕೆ ಪ್ರವೇಶವಿಲ್ಲ. ಹುಳಿ ಕೊಡುವ ಸಿಟ್ರಿಕ್ ಆಮ್ಲವೂ ಅಷ್ಟೇ. ಸೀಸೆಯ ಮೇಲೆ ರಸ ಸುರಿಯುವ ಹಣ್ಣಿನ ಚಿತ್ರವಿರುತ್ತದೆ, ಒಳಗೆ ಮಾತ್ರ ರಸದ ಸುಳಿವೇ ಇರುವುದಿಲ್ಲ.

ಹಾಗಾದರೆ ಒಳಗಿರುವುದೇನು? ಬೇಗ ಹೇಳಿ ಮುಗಿಸುತ್ತೇನೆ. ಸಿಪ್ಪೆಯ ಹಳದಿ ಪದರದಲ್ಲಿ ಸಣ್ಣ ಸಣ್ಣ ಎಣ್ಣೆ ಗ್ರಂಥಿಗಳಿವೆ. ಬಿಸಿ ಮಾಡದೆ ಅವುಗಳನ್ನು ಒತ್ತಿ ಒಡೆದು ಎಣ್ಣೆ ತೆಗೆಯುತ್ತಾರೆ. ಯಂತ್ರಗಳು ಬರುವ ಮುನ್ನ ಇಟಲಿಯ ಸಿಸಿಲಿಯಲ್ಲಿ ಸಿಪ್ಪೆಯನ್ನು ಸ್ಪಂಜಿಗೆ ಒತ್ತಿ, ಆ ಸ್ಪಂಜನ್ನು ಹಿಂಡಿ ಸಂಗ್ರಹಿಸುತ್ತಿದ್ದರು. ಎಣ್ಣೆಯ ಸುಮಾರು ಮೂರನೇ ಎರಡರಷ್ಟು ಲಿಮೊನೀನ್ ಎಂಬ ರಾಸಾಯನಿಕ. ಸಿಟ್ರಾಲ್ ಎಂಬುದು ಶೇಕಡಾ ಕೆಲವೇ ಪಾಲು, ಆದರೆ 'ಇದು ನಿಂಬೆ' ಎಂದು ಮೂಗಿಗೆ ಹೇಳುವುದು ಮುಖ್ಯವಾಗಿ ಅದೇ. ಕಿತ್ತಳೆ ಎಣ್ಣೆಯಲ್ಲಿ ಲಿಮೊನೀನ್ ಶೇಕಡಾ 90ಕ್ಕೂ ಹೆಚ್ಚು, ಆದರೂ ಅದು ನಿಂಬೆಯ ಹಾಗೆ ನಾರುವುದಿಲ್ಲ ನೋಡಿ.

ಈಗ ನಾನು ಈ ವಿಡಿಯೋ ಮಾಡಲು ನಿಜವಾದ ಕಾರಣಕ್ಕೆ ಬರೋಣ.

[ದೃಶ್ಯ: ಬಲೂನಿನ ಹತ್ತಿರ ಸಿಪ್ಪೆಯ ತುಂಡನ್ನು ಹಿಡಿದು ಮಡಚುವುದು. ಬಲೂನು ಒಡೆಯುತ್ತದೆ. ಅದೇ ದೃಶ್ಯ ನಿಧಾನಗತಿಯಲ್ಲಿ ಮತ್ತೊಮ್ಮೆ]

ಸೂಜಿಯಿಲ್ಲ, ಉಗುರು ತಾಗಿಲ್ಲ. ಸಿಪ್ಪೆಯನ್ನು ಮಡಚಿದೆ, ಅಷ್ಟೇ. ಸಿಪ್ಪೆ ಬಾಗಿದಾಗ ಒಳಗಿನ ಬಿಳಿ ಭಾಗ ಗ್ರಂಥಿಗಳನ್ನು ಒತ್ತುತ್ತದೆ, ಮೇಲಿನ ತೆಳು ಪದರ ಹರಿದು ಎಣ್ಣೆ ಚಿಮ್ಮುತ್ತದೆ. 2018ರಲ್ಲಿ ಅಮೆರಿಕದ ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯದ ಸಂಶೋಧಕರು ನಿಂಬೆ, ಕಿತ್ತಳೆ ಜಾತಿಯ ಹಣ್ಣುಗಳ ಈ ಚಿಮ್ಮುವಿಕೆಯನ್ನು ಅತಿವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದರು. ವೇಗ ಸೆಕೆಂಡಿಗೆ ಸುಮಾರು 10 ಮೀಟರ್. ಗಂಟೆಗೆ 36 ಕಿಲೋಮೀಟರ್! ಆ ವೇಗವನ್ನು ಎಣ್ಣೆ ಗಳಿಸುವುದು ಸುಮಾರು ಒಂದು ಮಿಲಿಮೀಟರ್ ದೂರದೊಳಗೆ. ವೇಗೋತ್ಕರ್ಷ, ಅಂದರೆ ವೇಗ ಏರುವ ದರ, ಗುರುತ್ವಾಕರ್ಷಣೆಯ 5,000 ಪಟ್ಟಿಗೂ ಹೆಚ್ಚು. ಹಣ್ಣು ಸುಲಿಯುವಾಗ ಕಣ್ಣಿಗೆ ಹಾರಿ ಉರಿಸುವುದೂ ಇದೇ.

ಆದರೆ ಬಲೂನನ್ನು ಒಡೆದದ್ದು ವೇಗವಲ್ಲ, ರಸಾಯನಶಾಸ್ತ್ರ. ರಬ್ಬರಿನ ಅಣು ಐಸೊಪ್ರೀನ್ ಎಂಬ ಘಟಕಗಳ ಉದ್ದನೆಯ ಸರಪಳಿ. ಲಿಮೊನೀನ್ ಅಣುವಿನ ಚೌಕಟ್ಟು ಅಂಥದೇ ಎರಡು ಘಟಕಗಳದ್ದು. ಅಂದರೆ ಇಬ್ಬರೂ ದಾಯಾದಿಗಳು. ಲಿಮೊನೀನ್ ರಬ್ಬರಿನ ಸರಪಳಿಗಳ ನಡುವೆ ಸಲೀಸಾಗಿ ನುಗ್ಗುತ್ತದೆ, ಬಿಗಿದ ತೆಳು ಗೋಡೆ ಅಲ್ಲಿ ಸಡಿಲಾಗುತ್ತದೆ, ಉಳಿದ ಕೆಲಸ ಒಳಗಿನ ಗಾಳಿಯದು. ದಾಯಾದಿಗೆ ಮನೆಯೊಳಗಿನ ದಾರಿ ಗೊತ್ತಿರುತ್ತದಲ್ಲ!

[ದೃಶ್ಯ: ಥರ್ಮಾಕೋಲ್ ತುಂಡಿನ ಮೇಲೆ ಎಣ್ಣೆಯ ಹನಿ. ಗುಳಿ ಬೀಳುತ್ತದೆ]

ಇದು ಥರ್ಮಾಕೋಲ್. ಇದನ್ನೂ ಕರಗಿಸುತ್ತದೆ. ಈಗ ಕೆಳಗಿನ ಟಿಪ್ಪಣಿಗಳಲ್ಲಿ "ಹೊಟ್ಟೆ ಶುದ್ಧಿಗೆ ಕುಡಿಯಿರಿ" ಎಂದು ಬರೆಯಲು ಹೊರಟವರು ದಯವಿಟ್ಟು ಆ ಗುಳಿಯನ್ನು ಇನ್ನೊಮ್ಮೆ ನೋಡಿ. ಆಹಾರ ತಯಾರಕರು ಪರಿಮಳಕ್ಕಾಗಿ ಈ ಎಣ್ಣೆಯನ್ನು ಅತ್ಯಲ್ಪ ಪ್ರಮಾಣದಲ್ಲಿ ಬಳಸುವುದು ಬೇರೆ ಮಾತು. ನೀರಿಗೆ ಹಾಕಿದ ಹನಿ ಕರಗದೆ ಮೇಲೆ ತೇಲುತ್ತದೆ, ದುರ್ಬಲಗೊಳ್ಳದೆ ನೇರವಾಗಿ ಬಾಯಿ, ಗಂಟಲಿಗೆ ತಾಗುತ್ತದೆ.

ನನ್ನ ವಾದ ಇಷ್ಟೇ: ನಿಂಬೆ ಎಣ್ಣೆಯನ್ನು ಔಷಧಿಯೆಂದು ಬಗೆಯುವುದಕ್ಕಿಂತ ಸುವಾಸನೆಯ ದ್ರಾವಕವೆಂದು (ಬೇರೆ ವಸ್ತುಗಳನ್ನು ಕರಗಿಸುವ ದ್ರವವೆಂದು) ನೋಡಿದರೆ ಅದರ ಉಪಯೋಗಗಳು ತಾವಾಗಿಯೇ ಅರ್ಥವಾಗುತ್ತವೆ. ಗಾಜಿನ ಬಾಟಲಿಯ ಮೇಲೆ ಅಂಟಿಕೊಂಡ ಸ್ಟಿಕ್ಕರ್ ಗೋಂದು? ಹತ್ತಿಯಲ್ಲಿ ಎರಡು ಹನಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ. ಲೋಹದ ಮೇಲಿನ ಜಿಡ್ಡಿಗೂ ಅದೇ ಉಪಾಯ. ಪ್ಲಾಸ್ಟಿಕ್ ಮತ್ತು ಬಣ್ಣ ಬಳಿದ ವಸ್ತುಗಳಿಂದ ದೂರವಿಡಿ. ಏಕೆಂದು ಇನ್ನು ಹೇಳಬೇಕಾಗಿಲ್ಲ.

ಇನ್ನು ಪರಿಮಳ. ಇಲ್ಲಿ ನಾನು ಸುಮ್ಮನೆ ಮೂಗು ಮುರಿಯುವುದಿಲ್ಲ. 2008ರಲ್ಲಿ ಒಹಾಯೋ ರಾಜ್ಯ ವಿಶ್ವವಿದ್ಯಾಲಯದವರು 56 ಮಂದಿಗೆ ನಿಂಬೆ, ಲ್ಯಾವೆಂಡರ್ ಮತ್ತು ಬರಿ ನೀರಿನ ವಾಸನೆ ಕೊಟ್ಟು ಪರೀಕ್ಷಿಸಿದರು. ನಿಂಬೆ ಜನರ ಮನಸ್ಸನ್ನು ಉಲ್ಲಾಸಗೊಳಿಸಿತು. ಏನು ಮೂಸುತ್ತಿದ್ದೇವೆಂದು ತಿಳಿಯದವರಲ್ಲೂ ಅದೇ ಫಲಿತಾಂಶ. ಆದರೆ ನೋವು ತಗ್ಗಲಿಲ್ಲ, ಗಾಯ ಬೇಗ ಮಾಯಲಿಲ್ಲ, ರೋಗನಿರೋಧಕ ಶಕ್ತಿಯಲ್ಲಿ ಹೆಚ್ಚಳವೂ ಕಾಣಲಿಲ್ಲ. ಮನಸ್ಸು ಹಗುರಾಗುವುದೇನು ಸಣ್ಣ ಲಾಭವೇ? ಮಾರುವವರು ಅಲ್ಲಿಗೇ ನಿಲ್ಲಿಸಿದ್ದರೆ ನನಗೆ ತಕರಾರಿರಲಿಲ್ಲ. 2014ರಲ್ಲಿ ಇರಾನಿನಲ್ಲಿ 100 ಗರ್ಭಿಣಿಯರ ಮೇಲೆ ನಡೆದ ಅಧ್ಯಯನದಲ್ಲಿ ನಿಂಬೆ ಎಣ್ಣೆ ಮೂಸಿದವರಿಗೆ ವಾಕರಿಕೆ ಕಡಿಮೆಯಾಯಿತು. ಸಣ್ಣ ಅಧ್ಯಯನ, ಆದರೂ ಗಮನಿಸತಕ್ಕದ್ದು.

[ದೃಶ್ಯ: ಕ್ಯಾಮೆರಾ ಹಿಂದಿನಿಂದ ಕೈಗಡಿಯಾರ ತೋರಿಸುವ ಕೈ]

ಬಲೂನಿಗೆ ಇಷ್ಟು ಸಮಯ ಕೊಟ್ಟಿದ್ದಕ್ಕೆ ಸಂಕಲನಕಾರರು ನನ್ನನ್ನು ದುರುಗುಟ್ಟಿ ನೋಡುತ್ತಿದ್ದಾರೆ. ಹಾಗಾಗಿ ಉಳಿದದ್ದೆಲ್ಲ ಒಂದೇ ಉಸಿರಿನಲ್ಲಿ. ಒತ್ತಿ ತೆಗೆದ ನಿಂಬೆ ಎಣ್ಣೆಯಲ್ಲಿ ಫ್ಯುರಾನೊಕೂಮರಿನ್ ಎಂಬ ವಸ್ತುಗಳಿವೆ. ಚರ್ಮಕ್ಕೆ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟಂತೆ ಕೆಂಪಾಗಿ ಕಲೆ ಉಳಿಯಬಹುದು. ಹಚ್ಚಲೇಬೇಕೆಂದರೆ ಬೇರೆ ಎಣ್ಣೆಯಲ್ಲಿ ಬೆರೆಸಿ, ಶೇಕಡಾ 2 ಮೀರದಂತೆ. ಬಟ್ಟಿ ಇಳಿಸಿ ತೆಗೆದದ್ದರಲ್ಲಿ ಈ ತೊಂದರೆ ಇಲ್ಲ. ಸೊಳ್ಳೆ ಓಡಿಸಲು ಶಿಫಾರಸು ಮಾಡುವುದು ನಿಂಬೆವಾಸನೆಯ ನೀಲಗಿರಿ ಮರದ ಎಣ್ಣೆಯಿಂದ ತಯಾರಿಸಿದ್ದನ್ನು, ಅದು ಈ ಹಣ್ಣಿನದ್ದಲ್ಲ. ಗಾಳಿ ತಾಗಿ ಹಳತಾದ ಎಣ್ಣೆ ಚರ್ಮಕ್ಕೆ ಅಲರ್ಜಿ ತರುತ್ತದೆ, ಆದ್ದರಿಂದ ಕಂದು ಸೀಸೆ, ಬಿಗಿ ಮುಚ್ಚಳ, ತಂಪು ಜಾಗ. ಬೆಂಕಿಯ ಹತ್ತಿರ ಬೇಡ, ಬೇಗ ಹೊತ್ತಿಕೊಳ್ಳುತ್ತದೆ. ಮಕ್ಕಳ ಕೈಗೆ ಎಟುಕಬಾರದು.

ಬೆಕ್ಕು ಸಾಕಿದವರಿಗೆ ಒಂದು ಮಾತು: ಲಿಮೊನೀನ್ ಬೆಕ್ಕುಗಳಿಗೆ ವಿಷ. ಬೆಕ್ಕು ಮಲಗುವ ಕೋಣೆಯಲ್ಲಿ ಡಿಫ್ಯೂಸರ್ (ಎಣ್ಣೆಯ ಪರಿಮಳವನ್ನು ಗಾಳಿಗೆ ಹರಡುವ ಸಾಧನ) ಹಚ್ಚಬೇಡಿ, ಅದರ ಮೈಗಂತೂ ಒಂದು ಹನಿಯನ್ನೂ ತಾಗಿಸಬೇಡಿ.