ಹೊರದೇಶದಿಂದ ಬಂದವರ ಬಾಕಿ ರಿಟರ್ನ್

ಕೇಳುಗರೆ, ನಮಸ್ಕಾರ.

ದುಬೈ, ಸೌದಿ, ಕತಾರ್, ಅಮೆರಿಕ, ಜರ್ಮನಿ ಅಂತ ವರ್ಷಗಟ್ಟಲೆ ದುಡಿದು ವಾಪಸ್ ಬಂದವರಲ್ಲಿ ಬಹಳ ಮಂದಿಗೆ ಒಂದು ಅಳುಕು ಇದ್ದೇ ಇರುತ್ತದೆ. ಅಷ್ಟು ವರ್ಷ ಇಲ್ಲಿ ಇನ್‌ಕಂ ಟ್ಯಾಕ್ಸ್ ರಿಟರ್ನ್ ಹಾಕೇ ಇಲ್ಲ, ಈಗ ಹಾಕಲು ಹೋದರೆ ಹಳೆಯದನ್ನೆಲ್ಲ ಕೆದಕುತ್ತಾರೇನೋ, ಸುಮ್ನೆ ಇದ್ದುಬಿಡೋಣ ಅಂತ. ಇನ್ನು ಕೆಲವರು ಇದಕ್ಕೆ ತದ್ವಿರುದ್ಧ. ನೋಟಿಸ್ ಬರುವ ಮೊದಲೇ ಎಲ್ಲ ವರ್ಷಕ್ಕೂ ಹಾಕಿಸಿಬಿಡಿ ಅಂತ ಆಡಿಟರ್ ಹತ್ತಿರ ಓಡುತ್ತಾರೆ. ಎರಡೂ ಬೇಡ. ಹೊರಗಿದ್ದ ವರ್ಷಗಳಿಗೆ ಅಷ್ಟೊಂದು ಹೆದರಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಎಚ್ಚರ ಬೇಕಾಗಿರುವುದು ವಾಪಸ್ ಬಂದ ಮೇಲಿನ ವರ್ಷಗಳ ಬಗ್ಗೆ. ಅತ್ತ ಮಾತ್ರ ಯಾರೂ ತಿರುಗಿ ನೋಡುವುದಿಲ್ಲ.

ಮೊದಲು ಪಾಸ್‌ಪೋರ್ಟ್ ತೆಗೆದಿಟ್ಟುಕೊಳ್ಳಿ. ರದ್ದಾಗಿದೆ ಅಂತ ಮೂಲೆ ಕತ್ತರಿಸಿ ಕೊಟ್ಟಿರುತ್ತಾರಲ್ಲ, ಆ ಹಳೆಯದೂ ಬೇಕು. ಒಂದು ಹಾಳೆಯಲ್ಲಿ ಒಂದೊಂದು ವರ್ಷಕ್ಕೆ ಒಂದೊಂದು ಸಾಲು ಹಾಕಿ. ವರ್ಷ ಅಂದರೆ ಏಪ್ರಿಲ್ 1ರಿಂದ ಮಾರ್ಚ್ 31. ಆ ವರ್ಷ ಭಾರತದಲ್ಲಿ ಎಷ್ಟು ದಿನ ಇದ್ದಿರಿ ಅಂತ ಬರೆಯಿರಿ. ಸೀಲು ಮಸುಕಾಗಿದ್ದರೆ ಇಮೇಲ್‌ನಲ್ಲಿ ವಿಮಾನದ ಟಿಕೆಟ್ ಹುಡುಕಿ. ಕೆಲಸಕ್ಕೆಂದು ಹೊರಗೆ ಹೋದ ಭಾರತೀಯ ನಾಗರಿಕರು ಇಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಆ ವರ್ಷಕ್ಕೆ ಅನಿವಾಸಿಗಳು, ಅಂದರೆ ಎನ್‌ಆರ್‌ಐ. ಆದರೆ ಗಂಟುಮೂಟೆ ಕಟ್ಟಿಕೊಂಡು ವಾಪಸ್ ಬಂದ ವರ್ಷಕ್ಕೆ ಈ 182ನ್ನು ನಂಬಿ ಕೂರಬೇಡಿ, ಅಲ್ಲಿ 60 ದಿನದ ನಿಯಮ ಬಂದು ಕೂರಬಹುದು, ಅಂದರೆ ಅಷ್ಟು ದಿನ ಇದ್ದರೂ ನಿವಾಸಿ ಅಂತ ಆಗಬಹುದು. ಇಲ್ಲಿನ ಆದಾಯವೇ 15 ಲಕ್ಷ ರೂಪಾಯಿ ದಾಟಿದವರಿಗೆ 2020–21ರಿಂದ ಬೇರೆ ನಿಯಮಗಳಿವೆ, ಅವರು ಆಡಿಟರ್ ಹತ್ತಿರವೇ ಹೋಗುವುದು ವಾಸಿ.

ಅನಿವಾಸಿ ಅಂತ ಆದ ವರ್ಷ ನೀವು ಅಲ್ಲಿ ದುಡಿದು ಅಲ್ಲೇ ಪಡೆದ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ. ಅದರಲ್ಲಿ ಮನೆಗೆ ಕಳಿಸಿದ ದುಡ್ಡಿಗೂ ಇಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಜನ ನಂಬುವುದಿಲ್ಲ, ಅಷ್ಟೊಂದು ಹಣ ಖಾತೆಗೆ ಬಂದಿದೆ, ಕೇಳದೆ ಬಿಡ್ತಾರಾ ಅಂತಾರೆ. ಕೇಳಿದರೆ ಹೇಳಿ, ಅಷ್ಟೇ. ಹೊರಗಿನ ದುಡಿಮೆ ಹಾಕಲೆಂದೇ ಇರುವ ಎನ್‌ಆರ್‌ಇ ಖಾತೆಯ ಬಡ್ಡಿಗೂ ತೆರಿಗೆ ಇಲ್ಲ. ಹಾಗಾಗಿ ಇಲ್ಲಿ ಬೇರೆ ಆದಾಯವೇ ಇಲ್ಲದವರ ಹಾಳೆಯಲ್ಲಿ ಬಹುಪಾಲು ಸಾಲುಗಳು ಖಾಲಿಯಾಗಿಯೇ ಉಳಿಯುತ್ತವೆ.

ಉಳಿದವರಿಗೆ ಏನಿರುತ್ತದೆ? ಮನೆ ಬಾಡಿಗೆ, ಇಲ್ಲಿನ ಆದಾಯ ಜಮಾ ಆಗುವ ಎನ್‌ಆರ್‌ಒ ಖಾತೆಯ ಬಡ್ಡಿ, ಮ್ಯೂಚುವಲ್ ಫಂಡ್ ಅಥವಾ ಸೈಟು ಮಾರಿದ ಲಾಭ. ಇವು ಇಲ್ಲಿನ ಆದಾಯ. ಇದೆಲ್ಲ ನೆನಪಿಲ್ಲ ಅಂದರೆ ಪರವಾಗಿಲ್ಲ, ಇಲಾಖೆಗೆ ನೆನಪಿದೆ. ಇನ್‌ಕಂ ಟ್ಯಾಕ್ಸ್ ಪೋರ್ಟಲ್‌ಗೆ ಹೋಗಿ ಎಐಎಸ್, ಅಂದರೆ ವರ್ಷದ ವಹಿವಾಟಿನ ಪಟ್ಟಿ ತೆರೆಯಿರಿ, ಹಳೆಯ ವರ್ಷಗಳಿಗೆ ಫಾರಂ 26ಎಎಸ್ ನೋಡಿ. ಯಾವ ಬ್ಯಾಂಕ್ ಎಷ್ಟು ಬಡ್ಡಿ ಕೊಟ್ಟಿತು, ಕೊಡುವಾಗಲೇ ಎಷ್ಟು ತೆರಿಗೆ, ಅಂದರೆ ಟಿಡಿಎಸ್, ಹಿಡಿಯಿತು, ಎಲ್ಲ ಅಲ್ಲಿರುತ್ತದೆ. ಲಾಗಿನ್ ಆಗುವುದೇ ಒಂದು ಸಾಹಸ ಅನ್ನಿ, ಯಾಕೆಂದರೆ ಓಟಿಪಿ ಹೋಗುವುದು ನೀವು ಹೊರಡುವಾಗ ಬಿಟ್ಟುಹೋದ ಹಳೆಯ ಸಿಮ್‌ಗೆ. ಪ್ಯಾನ್ ಸ್ಥಿತಿಯನ್ನೂ ನೋಡಿಕೊಳ್ಳಿ. ಆಧಾರ್ ಜೋಡಣೆಯಿಂದ ಅನಿವಾಸಿಗಳಿಗೆ ವಿನಾಯಿತಿ ಇತ್ತು, ಆದರೆ ನೀವು ಅನಿವಾಸಿ ಅಂತ ಪೋರ್ಟಲ್‌ಗೆ ಗೊತ್ತಿರಬೇಕಲ್ವಾ? ತಿಳಿಸದವರ ಎಷ್ಟೋ ಪ್ಯಾನ್‌ಗಳು 2023ರ ಜುಲೈನಿಂದ ನಿಷ್ಕ್ರಿಯವಾಗಿವೆ. ಅದು ಸರಿಹೋಗುವವರೆಗೆ ರಿಫಂಡ್ ಬರುವುದಿಲ್ಲ.

ರಿಫಂಡ್ ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ರಿಟರ್ನ್ ಹಾಕದವರಲ್ಲಿ ಸರ್ಕಾರಕ್ಕೆ ಬಾಕಿ ಇರುವವರಷ್ಟೇ ಅಲ್ಲ, ಸರ್ಕಾರದಿಂದ ಬರಬೇಕಾದವರೂ ಇದ್ದಾರೆ. ಎನ್‌ಆರ್‌ಒ ಎಫ್‌ಡಿಗೆ 80,000 ರೂಪಾಯಿ ಬಡ್ಡಿ ಬಂತು ಅನ್ನಿ. ಬ್ಯಾಂಕು ಸೆಸ್ ಸೇರಿ ನೂರಕ್ಕೆ 31.2ರಂತೆ 24,960 ರೂಪಾಯಿ ಹಿಡಿದುಕೊಂಡಿರುತ್ತದೆ. ಇಲ್ಲಿ ಬೇರೆ ಆದಾಯ ಇಲ್ಲದಿದ್ದರೆ ಅಷ್ಟೂ ನಿಮ್ಮದೇ ದುಡ್ಡು. ಸೈಟು ಮಾರಿದವರದ್ದು ಇನ್ನೂ ದೊಡ್ಡ ಕಥೆ, ಅನಿವಾಸಿ ಮಾರುವಾಗ ಕೊಂಡವರು ಸಾಮಾನ್ಯವಾಗಿ ಲಾಭ ನೋಡದೆ ಪೂರ್ತಿ ಬೆಲೆಯ ಮೇಲೇ ಟಿಡಿಎಸ್ ಹಿಡಿದಿರುತ್ತಾರೆ, ತೆರಿಗೆ ಬರುವುದು ಮಾತ್ರ ಲಾಭದ ಮೇಲೆ. ತಡವಾದ ರಿಟರ್ನ್‌ಗಿರುವ ಡಿಸೆಂಬರ್ 31ರ ಗಡುವೂ ದಾಟಿದ ಮೇಲೆ ಈ ಹಣ ಕೇಳಲು ಮಾಮೂಲಿ ರಿಟರ್ನ್ ನಡೆಯುವುದಿಲ್ಲ. 1961ರ ಹಳೆಯ ಇನ್‌ಕಂ ಟ್ಯಾಕ್ಸ್ ಕಾಯ್ದೆಯ ಸೆಕ್ಷನ್ 119(2)(ಬಿ) ಅಡಿಯಲ್ಲಿ, ತಡವಾದ ಕಾರಣ ಹೇಳಿ, ಮನ್ನಿಸಿ ಅಂತ ಅರ್ಜಿ ಹಾಕಬೇಕು. ಅದೂ ಅಸೆಸ್‌ಮೆಂಟ್ ವರ್ಷ, ಅಂದರೆ ಆದಾಯ ಬಂದ ವರ್ಷದ ಮುಂದಿನ ವರ್ಷ, ಮುಗಿದು 5 ವರ್ಷದೊಳಗೆ. ಅಂದರೆ 2021–22ರ ಆದಾಯಕ್ಕೆ 2028ರ ಮಾರ್ಚ್ 31 ಕೊನೆ. ಕಾರಣವನ್ನು ದಾಖಲೆ ಇಟ್ಟು ಬರೆಯಿರಿ, ಕೆಲಸದ ಒತ್ತಡ ಅಂತ ಒಂದೇ ಸಾಲು ಗೀಚಿದರೆ ಯಾರೂ ಒಪ್ಪುವುದಿಲ್ಲ.

ಇನ್ನು ತೆರಿಗೆ ನಿಜವಾಗಿ ಬಾಕಿ ಇರುವ ವರ್ಷಗಳು. ಈಗಷ್ಟೇ ಗಡುವು ತಪ್ಪಿದ ವರ್ಷವಾದರೆ ಡಿಸೆಂಬರ್ 31ರವರೆಗೆ ತಡವಾದ ರಿಟರ್ನ್ ಹಾಕಬಹುದು, ಫೀಸು ಹೆಚ್ಚೆಂದರೆ 5,000, ಜೊತೆಗೆ ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ. ಅದಕ್ಕೂ ಹಿಂದಿನದಕ್ಕೆ ಐಟಿಆರ್-ಯು, ಅಂದರೆ ಅಪ್‌ಡೇಟೆಡ್ ರಿಟರ್ನ್. 2022ರಲ್ಲಿ ಬಂದಾಗ ಇದಕ್ಕೆ ಅಸೆಸ್‌ಮೆಂಟ್ ವರ್ಷ ಮುಗಿದ ಮೇಲೆ 24 ತಿಂಗಳಿತ್ತು, 2025ರಲ್ಲಿ 48 ಮಾಡಿದರು. ತಡ ಮಾಡಿದಷ್ಟೂ ದುಬಾರಿ. ತೆರಿಗೆ, ಬಡ್ಡಿ ಸೇರಿ 50,000 ಅಂದರೆ ಮೊದಲ ವರ್ಷದಲ್ಲಿ ಅದರ ಮೇಲೆ 12,500 ಜಾಸ್ತಿ, ನಾಲ್ಕನೇ ವರ್ಷದಲ್ಲಿ 35,000 ಜಾಸ್ತಿ. ಐಟಿಆರ್-ಯುನಲ್ಲಿ ರಿಫಂಡ್ ಕೇಳುವಂತಿಲ್ಲ, ತೆರಿಗೆಯೇ ಬರದ ವರ್ಷಕ್ಕೆ ಸುಮ್ನೆ ಸೊನ್ನೆ ರಿಟರ್ನ್ ಹಾಕುವಂತೆಯೂ ಇಲ್ಲ. ಹಾಗಾಗಿ ಎಲ್ಲ ವರ್ಷಕ್ಕೂ ಹಾಕಿಸಿಬಿಡಿ ಅನ್ನುವ ಮಾತಿಗೆ ಅರ್ಥವೇ ಇಲ್ಲ. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಬಂದರೂ ಈ ಹಿಂದಿನ ವರ್ಷಗಳು 1961ರ ಕಾಯ್ದೆಯಡಿಯಲ್ಲೇ ಇತ್ಯರ್ಥವಾಗುತ್ತವೆ.

ಈಗ ವಾಪಸ್ ಬಂದ ಮೇಲಿನ ಮಾತು. ಬಂದ ಕೂಡಲೇ ಎಲ್ಲ ಬದಲಾಗುವುದಿಲ್ಲ. ಹಿಂದಿನ 10 ವರ್ಷದಲ್ಲಿ 9 ವರ್ಷ ಅನಿವಾಸಿಯಾಗಿದ್ದರೆ, ಇಲ್ಲವೇ ಹಿಂದಿನ 7 ವರ್ಷದಲ್ಲಿ ಇಲ್ಲಿ 729 ದಿನದೊಳಗೆ ಇದ್ದಿದ್ದರೆ, ಆರ್‌ಎನ್‌ಒಆರ್ ಅಂತ ಅನಿವಾಸಿಗೂ ಪೂರ್ತಿ ನಿವಾಸಿಗೂ ನಡುವಿನ ಒಂದು ಸ್ಥಿತಿ ಇದೆ. ಆ ಅವಧಿಯಲ್ಲಿ ಅಲ್ಲಿನ ಬ್ಯಾಂಕ್ ಬಡ್ಡಿ, ಷೇರಿನ ಡಿವಿಡೆಂಡ್ ಇಲ್ಲಿ ತೆರಿಗೆಗೆ ಬರುವುದಿಲ್ಲ. ಅದು ಯಾವ ವರ್ಷ ಮುಗಿಯಿತು ಅನ್ನುವುದನ್ನು ಲೆಕ್ಕ ಹಾಕುವವರು ಕಡಿಮೆ. ಮುಗಿದ ಮೇಲೆ ಲೋಕದ ಎಲ್ಲೇ ಆದಾಯ ಬರಲಿ, ಇಲ್ಲಿ ತೋರಿಸಬೇಕು. ಆದಾಯವೇ ಇಲ್ಲದಿದ್ದರೂ, ಅಲ್ಲಿ ಮುಚ್ಚದೆ ಬಿಟ್ಟ ಸಂಬಳದ ಖಾತೆ, ಕಂಪನಿ ಕೊಟ್ಟ ನಾಲ್ಕು ಷೇರು, ನಿವೃತ್ತಿಯ ಫಂಡು, ಎಲ್ಲವನ್ನೂ ರಿಟರ್ನ್‌ನಲ್ಲಿ ವಿದೇಶಿ ಆಸ್ತಿಗೆಂದೇ ಇರುವ ಶೆಡ್ಯೂಲ್ ಎಫ್‌ಎನಲ್ಲಿ ತುಂಬಿಸಬೇಕು. ರಿಟರ್ನೆಲ್ಲ ಏಪ್ರಿಲ್‌ನಿಂದ ಮಾರ್ಚ್‌ಗೆ, ಈ ಶೆಡ್ಯೂಲ್ ಮಾತ್ರ ಜನವರಿಯಿಂದ ಡಿಸೆಂಬರ್‌ಗೆ. ಯಾರ ತಲೆ ಓಡಿತೋ!

ಬಿಟ್ಟರೆ ಏನಾಗುತ್ತದೆ? 2015ರ ಕಪ್ಪುಹಣ ಕಾಯ್ದೆಯಲ್ಲಿ ಇದಕ್ಕೆ 10 ಲಕ್ಷ ರೂಪಾಯಿ ದಂಡ ಹಾಕುವ ಅಧಿಕಾರವಿದೆ. 2024ರ ಅಕ್ಟೋಬರ್ 1ರಿಂದ ಒಂದು ಸಡಿಲಿಕೆ ಬಂತು, ಸ್ಥಿರಾಸ್ತಿ ಬಿಟ್ಟು ಉಳಿದ ವಿದೇಶಿ ಆಸ್ತಿ ಒಟ್ಟು 20 ಲಕ್ಷ ದಾಟದಿದ್ದರೆ ಈ ದಂಡ ಇಲ್ಲ. ದೊಡ್ಡ ಸಮಾಧಾನವೇ. ಆದರೆ ಅಲ್ಲಿನ ಬ್ಯಾಂಕುಗಳ ಮಾಹಿತಿ ಈಗ ತಾನಾಗಿ ಇಲ್ಲಿಗೆ ಬರುತ್ತದೆ, 2024ರ ನವೆಂಬರ್‌ನಲ್ಲಿ ಇಲಾಖೆ ಆ ಮಾಹಿತಿ ಹಿಡಿದೇ ಎಸ್ಸೆಮ್ಮೆಸ್, ಇಮೇಲ್ ಕಳಿಸಿತ್ತು. ಕಪ್ಪುಹಣ ಕಾಯ್ದೆಯಡಿ ನಿಮ್ಮ ಬಗ್ಗೆ ಮಾಹಿತಿ ಇದೆ ಅಂತ ಅಧಿಕಾರಿ ತಿಳಿಸಿದ ಮೇಲೆ ಆ ವರ್ಷಕ್ಕೆ ಐಟಿಆರ್-ಯು ಬಾಗಿಲು ಮುಚ್ಚುತ್ತದೆ. ಹಾಗಾಗಿ ಅಲ್ಲಿ ಬಡ್ಡಿ ಬಂದು ಇಲ್ಲಿ ತೋರಿಸದ ವರ್ಷಗಳಿದ್ದರೆ ಅವನ್ನೇ ಮೊದಲು ಎತ್ತಿಕೊಳ್ಳಿ. ಅಲ್ಲೇ ತೆರಿಗೆ ಹಿಡಿದಿದ್ದರೆ ಅದರ ಕ್ರೆಡಿಟ್‌ಗೆ, ಅಂದರೆ ಅದನ್ನು ಇಲ್ಲಿನ ತೆರಿಗೆಯಲ್ಲಿ ಕಳೆದುಕೊಳ್ಳಲು, ಫಾರಂ 67 ಬೇಕು.

ಕಡೆಯದಾಗಿ, ರಿಟರ್ನ್ ಹಾಕಿ ಎದ್ದುಹೋಗಬೇಡಿ. 30 ದಿನದೊಳಗೆ ಇ-ವೆರಿಫೈ ಮಾಡಿ. ಓಟಿಪಿ ಬರಲಿಲ್ಲವೆಂದರೆ ಐಟಿಆರ್-ವಿ ಅನ್ನುವ ಸ್ವೀಕೃತಿ ಪತ್ರದ ಪ್ರಿಂಟ್ ತೆಗೆದು, ಸಹಿ ಮಾಡಿ, ಬೆಂಗಳೂರಿನಲ್ಲಿರುವ ಇಲಾಖೆಯ ಕೇಂದ್ರ ಸಿಪಿಸಿಗೆ ಅಂಚೆಯಲ್ಲಿ ಕಳಿಸಿದರೂ ನಡೆಯುತ್ತದೆ. ನಮಸ್ಕಾರ.