ಹಲ್ಲು ಕಿತ್ತರೂ ಹೋಗದ ನೋವು: ಹಚ್ಚುವ ಮದ್ದು ಎಲ್ಲಿ ಕೆಲಸ ಮಾಡುತ್ತದೆ?

[ತೆರೆಯ ಮೇಲೆ: ಮುಖದ ಒಂದು ಬದಿ. ಕಿವಿಯ ಮುಂದಿನಿಂದ ಹರಡುವ ಮೂರು ಕವಲು.]

ನಮಸ್ಕಾರ. ರೂಟ್ ಕೆನಾಲ್ ಆಗಿದೆ, ಎಕ್ಸ್‌ರೇ ಸರಿ ಉಂಟು, ಆದರೂ ಅದೇ ಜಾಗದಲ್ಲಿ ತಿಂಗಳುಗಟ್ಟಲೆ ಉರಿ. "ಆ ಹಲ್ಲೇ ಬೇಡ, ಕಿತ್ತುಬಿಡಿ ಡಾಕ್ಟ್ರೇ" ಅನ್ನುತ್ತೇವೆ. ಕಿತ್ತರೂ ನೋವು ಹೋಗುವುದಿಲ್ಲ. ಆಮೇಲೆ ಪಕ್ಕದ ಹಲ್ಲಿನ ಮೇಲೆ ಅನುಮಾನ. ದಯವಿಟ್ಟು ಅಲ್ಲಿಗೆ ನಿಲ್ಲಿಸಿ. ನೋವು ಹಲ್ಲಿನದ್ದಲ್ಲ, ನರದ್ದಾಗಿರಬಹುದು.

ಮುಖದ ನೋವನ್ನು ಮೆದುಳಿಗೆ ಮುಟ್ಟಿಸುವುದು ಟ್ರೈಜೆಮಿನಲ್ ನರ. ಹಣೆಗೆ ಒಂದು ಕವಲು, ಮೇಲ್ದವಡೆಗೆ ಒಂದು, ಕೆಳದವಡೆಗೆ ಒಂದು. ಹಲ್ಲು ಕೀಳುವಾಗ, ಇಂಪ್ಲಾಂಟ್ ಕೂರಿಸುವಾಗ ಅಥವಾ ಸರ್ಪಸುತ್ತು ಬಂದಾಗ ಇದರ ಎಳೆಗಳಿಗೆ ಪೆಟ್ಟಾಗಬಹುದು. ಪೆಟ್ಟಾದ ಕಡೆ ಸೋಡಿಯಂ ಚಾನೆಲ್‌ಗಳು, ಅಂದರೆ ನರದಲ್ಲಿ ಸಂಕೇತ ಹುಟ್ಟಿಸುವ ಪುಟ್ಟ ಬಾಗಿಲುಗಳು, ಜಾಸ್ತಿ ಸೇರಿಕೊಳ್ಳುತ್ತವೆ. ಗಾಯ ಮಾಗಿದರೂ ನರ ಸುಮ್ಸುಮ್ನೆ ನೋವಿನ ಸಂಕೇತ ಕಳಿಸುತ್ತಲೇ ಇರುತ್ತದೆ.

ಹಚ್ಚುವ ಮದ್ದು ಕೆಲಸಕ್ಕೆ ಬರುತ್ತದೋ ಇಲ್ಲವೋ ಎಂದು ತಿಳಿಯಲು ಒಂದು ಸರಳ ಪರೀಕ್ಷೆ ಉಂಟು. ವೈದ್ಯರು ನೋವಿರುವ ಜಾಗವನ್ನು ಮರಗಟ್ಟಿಸಿ ಸ್ವಲ್ಪ ಹೊತ್ತು ಕಾಯುತ್ತಾರೆ. ನೋವು ಚೆನ್ನಾಗಿ ತಗ್ಗಿದರೆ ಮದ್ದು ಹಚ್ಚಿ ನೋಡಲು ಅರ್ಥವಿದೆ. ಏನೂ ಬದಲಾಗದಿದ್ದರೆ ಮೂಲ ಇನ್ನೂ ಒಳಗಿರಬಹುದು. ಆಗ ಟ್ಯೂಬ್ ಮೇಲೆ ಟ್ಯೂಬ್ ತರುವುದು ಬೇಡ.

ಹಚ್ಚುವ ಮದ್ದುಗಳಲ್ಲಿ ಮೊದಲನೆಯದು ಲಿಡೊಕೇನ್, ಮರಗಟ್ಟಿಸುವ ಮದ್ದು. ಇದು ಆ ಸೋಡಿಯಂ ಚಾನೆಲ್‌ಗಳನ್ನೇ ಮುಚ್ಚುತ್ತದೆ. ಸರ್ಪಸುತ್ತಿನ ನಂತರ ಉಳಿಯುವ ನೋವಿಗೆ ಶೇಕಡಾ 5ರ ಪಟ್ಟಿ ಸಿಗುತ್ತದೆ. ಗಾಯವಿಲ್ಲದ ಚರ್ಮಕ್ಕೆ ಮಾತ್ರ ಅಂಟಿಸಬೇಕು, ದಿನಕ್ಕೆ 12 ಗಂಟೆಗಿಂತ ಹೆಚ್ಚು ಬೇಡ. ಬಾಯೊಳಗೆ ಕಷ್ಟ: ಜೆಲ್ ಹಚ್ಚಿದ್ದು ಜೊಲ್ಲಿನಲ್ಲಿ ತೊಳೆದುಹೋಗುತ್ತದೆ, ಅಲ್ವಾ? ಅದಕ್ಕೇ ದಂತವೈದ್ಯರು ಅಚ್ಚು ತೆಗೆದು, ಒಸಡಿನ ಮೇಲೆ ಕೂರುವ ತೆಳು ಪ್ಲಾಸ್ಟಿಕ್ ತಟ್ಟೆ ಮಾಡಿಸುತ್ತಾರೆ. ಮದ್ದು ಅದರ ಅಡಿಯಲ್ಲಿ ನಿಲ್ಲುತ್ತದೆ. ನನಗೆ ಇದು ತುಂಬ ಒಳ್ಳೆಯ ಉಪಾಯ ಅನಿಸುತ್ತದೆ. ಆದರೆ ಕೇಳದೆ ಯಾರಿಗೂ ಸಿಗುವುದಿಲ್ಲ, ಹಾಗಾಗಿ ಕೇಳಿ. ಬಾಯಿ ಮರಗಟ್ಟಿರುವಾಗ ಊಟ, ಬಿಸಿ ಚಾ ಬೇಡ. ಕೆನ್ನೆ ಕಚ್ಚಿಕೊಳ್ಳುತ್ತೀರಿ, ನೆತ್ತಿಗೇರಲೂಬಹುದು.

[ತೆರೆಯ ಮೇಲೆ: ಗಾಂಧಾರಿ ಮೆಣಸು]

ಎರಡನೆಯದು ಕ್ಯಾಪ್ಸೈಸಿನ್, ಮೆಣಸಿನ ಖಾರ. ನರತುದಿಯಲ್ಲಿ ಖಾರವನ್ನು ಹಿಡಿಯುವ ಗ್ರಾಹಕವನ್ನು (ರಿಸೆಪ್ಟರ್) ಕಂಡುಹಿಡಿದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಖಾರ ಮತ್ತೆ ಮತ್ತೆ ತಾಗಿದರೆ ನೋವಿನ ನರತುದಿಗಳು ಮಂಕಾಗುತ್ತವೆ. ಕ್ರೀಮಿನಲ್ಲಿ ಅದರ ಪ್ರಮಾಣ ಶೇಕಡಾ 0.025ರಿಂದ 0.075 ಮಾತ್ರ. ಆದರೂ ಮೊದಲ ವಾರ ಉರಿ ಜಾಸ್ತಿ, ಹಲವರು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಕಣ್ಣಿನ ಹತ್ತಿರ ಬೇಡವೇ ಬೇಡ. ಮನೆಯ ಗಾಂಧಾರಿ ಮೆಣಸನ್ನು ಅರೆದು ಹಚ್ಚಬೇಡಿ, ಚರ್ಮ ಸುಡುತ್ತದೆ. ಲವಂಗದ ಎಣ್ಣೆಯೂ ಒಸಡನ್ನು ಸುಡಬಲ್ಲದು.

ನಾಲಿಗೆ ಉರಿಯುವ ತೊಂದರೆ ಮುಟ್ಟು ನಿಂತ ಹೆಂಗಸರಲ್ಲಿ ಹೆಚ್ಚು. ನೋಡಿದರೆ ಬಾಯಲ್ಲಿ ಏನೂ ಕಾಣುವುದಿಲ್ಲ. "ಎಲ್ಲ ಟೆನ್ಶನ್" ಅಂತ ಮನೆಯವರು ಹೇಳಿಬಿಡುತ್ತಾರೆ. ಆ ಮಾತು ಅನ್ಯಾಯ. ಬಿ12, ಕಬ್ಬಿಣ, ಶುಗರ್, ಫಂಗಸ್ ಸೋಂಕು ಮೊದಲು ನೋಡಿಸಬೇಕು. ಅವೆಲ್ಲ ಸರಿ ಇದ್ದರೆ ಕ್ಲೋನಜೆಪಾಮ್ ಮಾತ್ರೆಯನ್ನು ಮೂರು ನಿಮಿಷ ಚೀಪಿ ಉಗುಳುವ ದಾರಿ ಉಂಟು. 2004ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನದಲ್ಲಿ ಇದರಿಂದ ಉರಿ ತಗ್ಗಿತ್ತು. ನಿದ್ದೆ ಬರಬಹುದು, ಅಭ್ಯಾಸವಾಗಬಹುದು. ವೈದ್ಯರ ಚೀಟಿ ಇಲ್ಲದೆ ಬೇಡ.

ಇನ್ನೊಂದು ನೋವು ಬೇರೆಯೇ. ಉಡುಪಿ ಬಸ್ಸಿನ ಕಿಟಕಿ ಬದಿ ಕೂತಾಗ ಗಾಳಿ ತಾಗಿದರೆ ಸಾಕು, ಕೆನ್ನೆಗೆ ಶಾಕ್ ಹೊಡೆದ ಹಾಗೆ ಕೆಲವು ಸೆಕೆಂಡು. ಇದು ಟ್ರೈಜೆಮಿನಲ್ ನ್ಯೂರಾಲ್ಜಿಯಾ ಇರಬಹುದು. ಹೆಚ್ಚಿನವರಲ್ಲಿ ಮೆದುಳಿನ ಬುಡದಲ್ಲಿ ರಕ್ತನಾಳವೊಂದು ನರವನ್ನು ಒತ್ತುತ್ತಿರುತ್ತದೆ, ಕೆನ್ನೆಗೆ ಹಚ್ಚಿದ್ದು ಅಲ್ಲಿಗೆ ಮುಟ್ಟುವುದಿಲ್ಲ. ಮೊದಲ ಮದ್ದು ಕಾರ್ಬಮಜೆಪೀನ್ ಮಾತ್ರೆ. ಶುರು ಮಾಡುವ ಮುಂಚೆ ಎಚ್‌ಎಲ್‌ಎ-ಬಿ 1502 ರಕ್ತಪರೀಕ್ಷೆ ಬೇಕೇ ಎಂದು ಕೇಳಿ. ಆ ಜೀನ್ ಇದ್ದವರಿಗೆ ಚರ್ಮದ ತೀವ್ರ ಅಲರ್ಜಿಯ ಅಪಾಯ ಹೆಚ್ಚು.

ಮಂಗಳೂರು ಹತ್ತಿರದ ದೇರಳಕಟ್ಟೆ, ಮಣಿಪಾಲದ ದಂತ ಕಾಲೇಜುಗಳಲ್ಲಿ ಇಂಥ ಬಾಯಿ, ಮುಖದ ನೋವು ನೋಡುವ ಓರಲ್ ಮೆಡಿಸಿನ್ ವಿಭಾಗ ಉಂಟು. ಹಳೆಯ ಎಕ್ಸ್‌ರೇ, ಮಾತ್ರೆಯ ಚೀಟಿ, ಯಾವ ಹಲ್ಲು ಯಾವಾಗ ಕಿತ್ತಿದ್ದು ಎಂಬ ವಿವರ ಹಿಡಿದು ಹೋಗಿ. ಮುಖ ಹೊಸದಾಗಿ ಜೋಮು ಹಿಡಿದಿದ್ದರೆ, ಕಣ್ಣು ಎರಡೆರಡು ಕಂಡರೆ, ನೋವು ಎರಡೂ ಬದಿಗೆ ಬಂದರೆ ಅದನ್ನೇ ಮೊದಲು ಹೇಳಿ. ಎಂಆರ್‌ಐ ಬೇಕಾಗಬಹುದು.