ರಾಜಾ'ಸ್ ಸೀಟ್ ಅಂತ ಹಾಕಿದ್ರೆ ಫಾರಂ ಯಾಕ್ರೀ ಕೆಡುತ್ತೆ?

ಮಡಿಕೇರೀಲಿ ಹೋಮ್‌ಸ್ಟೇ ನಡೆಸೋರ ಅಡ್ರೆಸ್ ನೋಡಿ, ನಿಯರ್ ರಾಜಾ'ಸ್ ಸೀಟ್ ಅಂತಿರುತ್ತೆ, ವಿರಾಜಪೇಟೆ ಕಡೆಯವ್ರಾದ್ರೆ ಸೇಂಟ್ ಆ್ಯನ್'ಸ್ ಚರ್ಚ್ ಹತ್ರ ಅಂತಾರೆ, ಎರಡ್ರಲ್ಲೂ ಒಂದೊಂದು ಅಪಾಸ್ಟ್ರಫಿ ('). ಇದನ್ನ ಬುಕಿಂಗ್ ಫಾರಂಲಿ ಹಾಕಿ ಸೇವ್ ಒತ್ತಿ, ಎಷ್ಟೋ ಲೋಕಲ್ ಸಾಫ್ಟ್‌ವೇರು ಅಲ್ಲೇ ಕೈಚೆಲ್ಲುತ್ತೆ, ಸಿಂಟ್ಯಾಕ್ಸ್ ಎರರ್ ಅಂತೆ, ಅಂದ್ರೆ ಕಮಾಂಡ್ ಬರೆದಿರೋ ರೀತಿ ತಪ್ಪು ಅಂತ.

ವಿಷಯ ಇಷ್ಟೇ, ಮಾಹಿತಿ ಕೂಡಿಡೋ ಡೇಟಾಬೇಸಿಗೆ ಕಮಾಂಡ್ ಕೊಡೋ ಭಾಷೆ ಎಸ್‌ಕ್ಯೂಎಲ್‌ನಲ್ಲಿ ಟೆಕ್ಸ್ಟ್ ಶುರುವಾಗೋದೂ ಸಿಂಗಲ್ ಕೋಟ್‌ನಿಂದ, ಅಂದ್ರೆ ಇದೇ ಅಪಾಸ್ಟ್ರಫಿ ಚಿಹ್ನೆಯಿಂದ, ಮುಗಿಯೋದೂ ಅದ್ರಿಂದಾನೇ. ಫಾರಂ ಮಾಡಿದವ್ರು ನಾವು ಟೈಪ್ ಮಾಡಿದ್ದನ್ನ ಹಾಗೇ ಎತ್ತಿ ಕ್ವೆರಿ (ಡೇಟಾಬೇಸಿಗೆ ಕಳ್ಸೋ ಕಮಾಂಡು) ಮಧ್ಯ ಅಂಟಿಸಿರ್ತಾರೆ, ಡೇಟಾಬೇಸು ರಾಜಾ ಆದ್ಮೇಲೆ ಬರೋ ಕೋಟ್ ನೋಡಿ ಓಹೋ ಇಲ್ಲಿಗೆ ಮುಗೀತು ಅನ್ಕೊಳ್ಳುತ್ತೆ, ಉಳಿದ "ಸ್ ಸೀಟ್" ಯಾವ ಕಮಾಂಡು ಅಂತ ಗೊತ್ತಾಗ್ದೆ ಒದ್ದಾಡುತ್ತೆ.

ಹಳೇ ಮದ್ದು ಅಂದ್ರೆ ಸಿಂಗಲ್ ಕೋಟನ್ನೇ ಎರಡು ಸಲ ಹಾಕೋದು, ರಾಜಾ''ಸ್ ಅಂತ, ಆಗ ಡೇಟಾಬೇಸ್ ಅದನ್ನ ಒಂದೇ ಕೋಟ್ ಅಂತ ಓದ್ಕೊಳ್ಳುತ್ತೆ. ಅದು ಕೋಡ್ ಮಾಡ್ಬೇಕಾದ ಕೆಲಸ ಮಾರಾಯ್ರೇ, ಫಾರಂ ತುಂಬೋರದ್ದಲ್ಲ. ಮೈಕ್ರೋಸಾಫ್ಟ್‌ನ ಡೇಟಾಬೇಸ್ ಸಾಫ್ಟ್‌ವೇರು ಆ್ಯಕ್ಸೆಸ್‌ನಲ್ಲಿ ಮಾಡೋ ಕೆಲವ್ರು ಟೆಕ್ಸ್ಟ್ ಸುತ್ತಲೂ ಡಬಲ್ ಕೋಟ್ (") ಹಾಕಿ ಗೆದ್ದೆ ಅನ್ಕೋತಾರೆ, ಆಮೇಲೆ ತೋಟದ ರೈಟ್ರು ಮಳೆ ಲೆಕ್ಕ ಬರೀತಾರೆ, ನಮ್ಮಲ್ಲಿ ಮಳೆ ಇಂಚಲ್ಲೇ ತಾನೇ, ರಿಮಾರ್ಕ್ಸ್‌ನಲ್ಲಿ 4" ಅಂತ ಇಂಚಿನ ಗುರುತು ಹಾಕ್ತಿದ್ದಂಗೆ ಮತ್ತೆ ಢಮಾರ್.

ನಂಗೆ ನಿಜವಾಗ್ಲೂ ಸಿಟ್ಟು ಬರೋದು "ಸ್ಪೆಷಲ್ ಕ್ಯಾರೆಕ್ಟರ್ ನಾಟ್ ಅಲೌಡ್" ಅನ್ನೋ ಬೋರ್ಡಿಗೆ. ನಿಮ್ಮ ಕೋಡ್ ಸರಿಯಿಲ್ಲ ಅಂತ ನಾವು ಜಾಗದ ಹೆಸ್ರು ತಿದ್ದಿ ಬರೀಬೇಕಾ? ಇನ್ನೂ ಕೆಲವು ಸದ್ದಿಲ್ದೆ ಕೋಟ್ ಕಿತ್ತಾಕಿ ಸೇವ್ ಮಾಡುತ್ವೆ, ಆಮೇಲೆ ಸರ್ಚ್ ಮಾಡಿದ್ರೆ ಗೆಸ್ಟೇ ನಾಪತ್ತೆ. (ವರ್ಡ್‌ನಿಂದ ಕಾಪಿ ಮಾಡಿದ್ರೆ ಬರೋ ಬಾಗಿದ ಕೋಟ್ ಬೇರೇನೇ ಕ್ಯಾರೆಕ್ಟರು, ಅದು ಎರರ್ ಕೊಡದೆ ಹೋಗ್ಬಹುದು, ನೆಟ್ಟಗಿರೋ ಕೋಟ್ ಹಾಕಿ ಹುಡುಕಿದ್ರೆ ಮಾತ್ರ ಸಿಗದೇ ಇರ್ಬಹುದು, ಅದರ ಕಥೆ ಇನ್ನೊಂದಿನ.)

ಇದಕ್ಕೆ ಸರಿಯಾದ ಮದ್ದು, ಪ್ಯಾರಾಮೀಟರ್ ಕ್ವೆರಿ ಅಂತ ಒಂದಿದೆ. ಕ್ವೆರೀಲಿ ಪ್ರಶ್ನೆ ಚಿಹ್ನೆ ಇಟ್ಟು ಜಾಗ ಬಿಡೋದು, ಟೈಪ್ ಮಾಡಿದ್ದನ್ನ ಬೇರೆಯಾಗಿ ಕಳ್ಸೋದು, ಆಗ ಒಳಗೆ ಎಷ್ಟು ಕೋಟ್ ಇದ್ರೂ ಡೇಟಾಬೇಸಿಗೆ ಅದು ಬರೀ ಅಕ್ಷರ. ಬೇಕಂತಲೇ ಕೋಟ್ ಹಾಕಿ ಹಿಂದೆ ಡಿಲೀಟ್ ಕಮಾಂಡ್ ತುರುಕೋ ಇಂಜೆಕ್ಷನ್ ಆಟಾನೂ ಅಲ್ಲಿ ನಡೆಯಲ್ಲ. ಅಪಾಸ್ಟ್ರಫಿಗೆ ಬೀಳೋ ಫಾರಂ ಇದೆ ಅಂದ್ರೆ ಇಂಜೆಕ್ಷನ್‌ಗೂ ಬಾಗಿಲು ತೆಗ್ದಿರೋ ಸಾಧ್ಯತೆ ಜಾಸ್ತಿ.

ಹಂಗಾಗಿ ಹೊಸ ಸಾಫ್ಟ್‌ವೇರ್ ತಗೊಳ್ಳೋ ಮುಂಚೆ ಡೆಮೋದಲ್ಲೇ ರಾಜಾ'ಸ್ ಸೀಟ್ ಅಂತ ಹಾಕಿ ನೋಡಿ. "ಸರ್ ಅದೊಂದು ಚಿಹ್ನೆ ಹಾಕ್ಬೇಡಿ" ಅಂದ್ರೆ ಅಡ್ವಾನ್ಸ್ ಕೊಡ್ಬೇಡಿ.